ತಿಥಿಯಲ್ಲಿ ಹೇಳುವ ಹೆಸರು ಹಿಡಿದು ಮುಳ್ಳೇರಿಯಕ್ಕೆ

ದೂರದ ನೆಂಟರ ಮನೆಗೆ ಮೊದಲ ಸಲ ಹೋಗುವವರು ಒಂದು ವಿಷಯ ತಿಳಿದುಕೊಂಡಿರಬೇಕು. ನಾವು ಪ್ರೀತಿಯಿಂದಲೇ ಹೋಗುತ್ತಿರುತ್ತೇವೆ. ಆದರೆ ಆ ಮನೆಯವರಿಗೆ ಮೊದಲು ಬರುವ ಯೋಚನೆ ಬೇರೆ. ಇಷ್ಟು ವರ್ಷ ಸುದ್ದಿಯೇ ಇಲ್ಲದವರು ಈಗ ಯಾಕೆ ಬರುತ್ತಾರೆ? ಜಾಗದ ವಿಷಯ ಇರಬಹುದಾ?

ನನ್ನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಕಾಸರಗೋಡು ಕಡೆಯವರು. ತವರುಮನೆ ಮುಳ್ಳೇರಿಯದ ಹತ್ತಿರ. ಅವರು ಮದುವೆಯಾಗಿ ಮೈಸೂರಿಗೆ ಬಂದಾಗ ಕಾಸರಗೋಡು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ಅದು ಕೇರಳಕ್ಕೆ ಹೋಯಿತು. ಅಜ್ಜಿಗೆ ತವರು ಆಗಲೂ ಬೇರೆ ರಾಜ್ಯ, ಆಮೇಲೂ ಬೇರೆ ರಾಜ್ಯ. ಹಾಗಾಗಿ ಗಡಿ ಬಂದು ನಮ್ಮ ಸಂಬಂಧ ಕಡಿದುಹೋಯಿತು ಅನ್ನುವ ದೊಡ್ಡ ಕಥೆ ನಮ್ಮಲ್ಲಿಲ್ಲ. ಕಾಗದ ಬರೆಯುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು, ಅಷ್ಟೇ.

ಹುಡುಕಲು ನನ್ನ ಕೈಯಲ್ಲಿದ್ದದ್ದು ಎರಡೇ ಎಳೆ. ಒಂದು, ಅಜ್ಜಿಯ ತವರಿನ ಮನೆ ಹೆಸರು. ಆ ಕಡೆ ಮನೆ ಹೆಸರೇ ವಿಳಾಸ. ಕೇರಳದ ಮತದಾರರ ಪಟ್ಟಿಯಲ್ಲೂ ಮನೆ ಹೆಸರು ಇರುತ್ತದೆ. ತೊಂದರೆ ಏನೆಂದರೆ ಒಂದೇ ಹೆಸರಿನ ಮನೆ ಮೂರು ನಾಲ್ಕು ಊರಲ್ಲಿ ಸಿಗುತ್ತದೆ. ಇನ್ನೊಂದು ಎಳೆ ನಮ್ಮ ಮನೆಯಲ್ಲೇ ಇತ್ತು, ಯಾರೂ ಅದನ್ನು ಹಾಗೆ ನೋಡಿರಲಿಲ್ಲ. ಅಪ್ಪ ಪ್ರತಿ ವರ್ಷ ಮಹಾಲಯದಲ್ಲಿ ಎಳ್ಳು ನೀರು ಬಿಡುವಾಗ ತಾಯಿಯ ಕಡೆಯ ಮೂರು ತಲೆಮಾರಿನ ಹೆಸರನ್ನೂ ಹೇಳುತ್ತಾರೆ. ಅಜ್ಜಿಯ ಅಪ್ಪ, ಅವರ ಅಪ್ಪ, ಅವರ ಅಪ್ಪ. ವಂಶವೃಕ್ಷ ಅಂತ ನಾನು ಇಂಟರ್‌ನೆಟ್ಟಿನಲ್ಲಿ ತಡಕಾಡುತ್ತಿದ್ದೆ, ಅಪ್ಪನಿಗೆ ಅದು ಬಾಯಿಪಾಠ ಇತ್ತು!

ನಾವು ಹವ್ಯಕರು. ನಮ್ಮಲ್ಲಿ ಒಂದಷ್ಟು ಮನೆಗಳಿಗೆ ಒಬ್ಬ ಗುರಿಕ್ಕಾರರು ಇರುತ್ತಾರೆ. ಮಠದ ಕೆಲಸ, ಮದುವೆ ಮುಂಜಿ ಅಂತ ಆ ಮನೆಗಳೆಲ್ಲ ಅವರಿಗೆ ಗೊತ್ತು. ಮೈಸೂರಿನಲ್ಲಿರುವ ಬದಿಯಡ್ಕದ ಪರಿಚಯದವರೊಬ್ಬರ ಮೂಲಕ ಅಂಥ ಒಬ್ಬರನ್ನು ಹಿಡಿದೆವು. ಅವರು ಒಂದು ನಂಬರ್ ಕೊಟ್ಟರು. 'ಅಲ್ಲಿ ಒಬ್ಬರು ವಯಸ್ಸಾದವರಿದ್ದಾರೆ, ಅವರ ಹತ್ತಿರವೇ ಮಾತಾಡಿ' ಅಂದರು.

ಮೆಸೇಜ್ ಕಳಿಸಲಿಲ್ಲ. ಅಪ್ಪನಿಂದಲೇ ಫೋನ್ ಮಾಡಿಸಿದೆ. ಏನು ಹೇಳಬೇಕು ಅಂತ ಮೊದಲೇ ಹೇಳಿಕೊಟ್ಟಿದ್ದೆ: ಜಾಗದ ವಿಷಯಕ್ಕಲ್ಲ, ಜಾತಕದ ವಿಷಯಕ್ಕಲ್ಲ, ಸಾಲಕ್ಕೂ ಅಲ್ಲ. ಅಮ್ಮ ಹುಟ್ಟಿದ ಮನೆ ನೋಡಬೇಕು. ಅಪ್ಪನಿಗೆ ಮುಜುಗರ. 'ಕೇಳದೆ ಇರುವಾಗ ನಾವೇ ಯಾಕೆ ಹೇಳೋದು?' ಅಂದರು. ಹೇಳಲೇಬೇಕು ಅಂತ ಹಟ ಹಿಡಿದೆ. ಯಾಕೆಂದರೆ ಅಲ್ಲಿನ ಹಳೆ ಮನೆಗಳಿಗೆ ಜಾಗದ ಮಾತು ಸುಮ್ನೆ ಮಾತಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು, ಉಳುವವರಿಗೆ ಭೂಮಿ ಆಯಿತು. ಅದು ಸರಿಯಾದ್ದೇ. ಆದರೆ ಎಷ್ಟೋ ಮನೆಗಳಲ್ಲಿ ಉಳಿದದ್ದು ಮನೆಯ ಸುತ್ತಲಿನ ತೋಟ ಮಾತ್ರ. ಮೇಲಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಕಾನೂನು ಯಾರಿಗೆ ಎಷ್ಟು ಅನ್ವಯಿಸುತ್ತದೆ ಅಂತ ಯಾರೂ ಕೂತು ಓದುವುದಿಲ್ಲ. ಮನೆಯಿಂದ ಕೊಟ್ಟ ಹೆಣ್ಣಿನ ಮಗ ಇದ್ದಕ್ಕಿದ್ದಂತೆ ಫೋನ್ ಮಾಡಿ ಹಳೆ ಮನೆ ಬಗ್ಗೆ ಕೇಳಿದರೆ ಎದೆ ಧಸಕ್ ಅನ್ನುವುದು ಸಹಜ ಅಲ್ವಾ?

ಅಪ್ಪ ಹೇಳಿದರು. ಆ ಕಡೆಯಿಂದ ಒಂದು ನಗು ಬಂತು. ಆಮೇಲೆ ಅಪ್ಪ ಆ ಮೂರು ಹೆಸರು ಹೇಳಿದರು. ಅವರು ತಾವು ತಿಥಿಯಲ್ಲಿ ಹೇಳುವ ಹೆಸರು ಹೇಳಿದರು. ಅವರ ಮೊದಲ ಹೆಸರು ಅಜ್ಜಿಯ ಅಣ್ಣನದು. ಉಳಿದೆರಡು ನಮ್ಮ ಪಟ್ಟಿಯ ಮೊದಲೆರಡಕ್ಕೆ ಸರಿಯಾಗಿ ಕೂತವು. ಆಧಾರ್ ಕಾರ್ಡು ತೋರಿಸಿದ್ದರೂ ಅಷ್ಟು ನಂಬಿಕೆ ಬರುತ್ತಿರಲಿಲ್ಲ. ಫೋನ್ ಇಡುವ ಹೊತ್ತಿಗೆ ಅವರು ಅಪ್ಪನಿಗೆ ಬಾವ ಆಗಿದ್ದರು, ನನಗೆ ಮಾವ.

ದಿನ ಆರಿಸುವಾಗ ಒಂದು ಮಾತು. 'ನಮ್ಮಲ್ಲಿ ಪೂಜೆ ಇದೆ, ಆವತ್ತೇ ಬನ್ನಿ, ಎಲ್ಲರೂ ಸಿಗುತ್ತಾರೆ' ಅಂತ ಖಂಡಿತ ಹೇಳುತ್ತಾರೆ. ಮೊದಲ ಸಲಕ್ಕೆ ಅದು ಬೇಡ. ಬಡಿಸುವ ಗಡಿಬಿಡಿಯಲ್ಲಿ ಯಾರಿಗೂ ಕೂತು ಮಾತಾಡಲು ಆಗುವುದಿಲ್ಲ, ನಾವು ಊಟ ಮಾಡಿ ಕೈ ತೊಳೆದು ಬರುತ್ತೇವೆ. ನಾವು ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹೋದೆವು. ಮಳೆ ನಿಂತಿತ್ತು, ಅಂಗಳದಲ್ಲಿ ಅಡಿಕೆ ಹರಡಿತ್ತು.

ಮೈಸೂರಿನಿಂದ ಮಂಗಳೂರಿನ ತನಕ ಹೋಗುವುದು ಬೇಕಿಲ್ಲ. ಮಡಿಕೇರಿ, ಸುಳ್ಯ ದಾಟಿ ಜಾಲ್ಸೂರಿನಲ್ಲಿ ಇಳಿದರೆ ಕಾಸರಗೋಡಿನ ಬಸ್ಸು ಸಿಗುತ್ತದೆ, ಅದು ಮುಳ್ಳೇರಿಯದ ಮೇಲೆಯೇ ಹೋಗುತ್ತದೆ. ಬೋರ್ಡು ಮಲಯಾಳದಲ್ಲಿದ್ದರೆ ಹೆದರಬೇಡಿ, ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ.

ತೋಟದ ಮನೆಗೆ ಬಾಳೆಹಣ್ಣು, ತೆಂಗಿನಕಾಯಿ ಒಯ್ಯಬೇಡಿ. ನಾವು ಮೈಸೂರು ಪಾಕ್ ಮತ್ತು ಅಜ್ಜಿಯ ಹಳೆ ಫೋಟೋಗಳ ಪ್ರಿಂಟು ತೆಗೆದುಕೊಂಡು ಹೋಗಿದ್ದೆವು. ಫೋಟೋ ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಪ್ರಿಂಟು ಒಳ್ಳೆಯದು. ವಯಸ್ಸಾದವರು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಾರೆ, ಪಕ್ಕದವರಿಗೆ ಕೊಡುತ್ತಾರೆ. ಮಾತು ತಾನಾಗಿ ಶುರುವಾಗುತ್ತದೆ.

ಹೋದ ಕೂಡಲೇ ಬೆಲ್ಲ ನೀರು ಬಂತು, ಹಿಂದೆಯೇ ಎಲೆ ಅಡಿಕೆ ಹರಿವಾಣ. 'ಆಸರಿಂಗೆ ಎಂತ ಆಯೆಕ್ಕು?' ಅಂತ ಅತ್ತೆ ಕೇಳಿದರು, ಕುಡಿಯಲು ಏನು ಬೇಕು ಅಂತ. ಅವರ ಮನೆಮಾತು ಅಪ್ಪನಿಗೆ ಸಲೀಸು, ನನಗೆ ಅರ್ಧಂಬರ್ಧ. ನನ್ನ ಮೈಸೂರು ಕನ್ನಡ ಕೇಳಿ ಮಕ್ಕಳು ಮುಸಿಮುಸಿ ನಕ್ಕರು. ಘಟ್ಟದ ಮೇಲಿನವಳು ತಾನೇ! ಆ ಮಕ್ಕಳು ಮನೆಯಲ್ಲಿ ಹವ್ಯಕ, ಪೇಟೆಯಲ್ಲಿ ಮಲಯಾಳ, ತೋಟದ ಕೆಲಸದವರ ಹತ್ತಿರ ತುಳು ಮಾತಾಡುತ್ತಾರೆ.

ನೋಟ್ ಪುಸ್ತಕ ಚೀಲದಲ್ಲೇ ಇತ್ತು. ಬೇಕೆಂದೇ ತೆಗೆಯಲಿಲ್ಲ. ಬಂದ ಕೂಡಲೇ ಪೆನ್ನು ಹಿಡಿದರೆ ಫೋನಿನಲ್ಲಿ ಮಾಡಿದ ಕೆಲಸವೆಲ್ಲ ನೀರಿಗೆ. ವಂಶದ ಬಗ್ಗೆ ಕೇಳುವ ಬದಲು 'ಅಜ್ಜಿ ಸುರಂಗದ ನೀರಿನ ಬಗ್ಗೆ ಹೇಳುತ್ತಿದ್ದರು, ಈಗಲೂ ಇದೆಯಾ?' ಅಂದೆ. ಮಾವ ಕೋಲು ಹಿಡಿದು ಎದ್ದೇಬಿಟ್ಟರು. ಆ ಸೀಮೆಯಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ ಮಾಡಿ ನೀರು ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನೇ ಹರಿದು ಬರುತ್ತದೆ. ಅದನ್ನು ತೋಡಿಸಿದ್ದು ಯಾರು, ಆಗ ಮನೆಯಲ್ಲಿ ಯಾರ‍್ಯಾರಿದ್ದರು, ಯಾರು ಯಾವಾಗ ಪಾಲಾಗಿ ಹೋದರು ಅಂತ ದಾರಿಯುದ್ದಕ್ಕೂ ಹೇಳಿದರು. ಜಗಲಿಯಲ್ಲಿ ಎದುರುಬದುರು ಕೂತಿದ್ದರೆ ಇದರಲ್ಲಿ ಕಾಲು ಭಾಗವೂ ಬರುತ್ತಿರಲಿಲ್ಲ.

ಮಾವನ ಲೆಕ್ಕದಲ್ಲಿ ಬರೀ ಗಂಡಸರಿದ್ದರು. ಹೆಣ್ಣುಮಕ್ಕಳ ಲೆಕ್ಕ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಪ್ಪ ಮತ್ತು ಮಾವ ಅಡಿಕೆ ರೇಟಿನ ಬಗ್ಗೆ ಶುರುಮಾಡಿದಾಗ ನಾನು ಒಳಗೆ ಹೋದೆ. ಅತ್ತೆ ಉಪ್ಪುಸೊಳೆಯ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ, ಉಂಡ್ಲಕಾಳು ಕರಿಯುತ್ತಿದ್ದರು. ಕೊಟ್ಟ ಮನೆ ಯಾವುದು, ತಂದ ಮನೆ ಯಾವುದು, ಯಾರ ನಾದಿನಿ ಯಾರ ಸೊಸೆಯಾದಳು, ಎಲ್ಲ ಅವರ ಬಾಯಲ್ಲಿತ್ತು. ಆಗ ಮಾತ್ರ 'ಬರೆದುಕೊಳ್ಳಲಾ ಅತ್ತೆ?' ಅಂತ ಕೇಳಿದೆ. ಸಂಬಂಧ ಯಾಕೆ ತಪ್ಪಿತು ಅಂತ ನಾನು ಕೇಳಲೇ ಇಲ್ಲ. ಹಳೆ ಒಡವೆಯ ಒಂದು ಮುನಿಸು ಇತ್ತಂತೆ, ಅತ್ತೆಯೇ ಬಾಣಲೆ ಇಳಿಸುತ್ತಾ ಹೇಳಿದರು. ನಾನು ಹೂಂ ಅಂದೆ, ಅಷ್ಟೇ. ಅದನ್ನು ಪುಸ್ತಕಕ್ಕೆ ಹಾಕಲಿಲ್ಲ.

ಆಮೇಲಿನ ಕೆಲಸ ಸಣ್ಣದು, ಆದರೆ ಹೆಚ್ಚಿನವರು ಬಿಡುವುದು ಅಲ್ಲೇ. ಆವತ್ತು ತೆಗೆದ ಫೋಟೋ ಪ್ರಿಂಟು ಹಾಕಿಸಿ ಅಂಚೆಯಲ್ಲಿ ಕಳಿಸಿದೆ. ನಂಬರುಗಳನ್ನು ಮನೆ ಹೆಸರಿನ ಜೊತೆ ಸೇವ್ ಮಾಡಿಕೊಂಡೆ, ಒಂದೇ ಹೆಸರಿನ ಭಟ್ಟರು ಆ ಕಡೆ ಬೇಕಾದಷ್ಟು ಜನ. ಎಲ್ಲರನ್ನೂ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡು ಅಂತ ನನ್ನ ತಮ್ಮ ಗಂಟುಬಿದ್ದ. ನಾನು ಮಾಡಲಿಲ್ಲ. ಗ್ರೂಪ್ ಆದರೆ ಗುಡ್ ಮಾರ್ನಿಂಗ್ ಹೂವು ಬರುತ್ತದೆ, ಫೋನ್ ನಿಲ್ಲುತ್ತದೆ. ಈಗ ಅಪ್ಪನೇ ಆಗಾಗ ಬಾವನಿಗೆ ಫೋನ್ ಮಾಡುತ್ತಾರೆ, ಹೆಚ್ಚಾಗಿ ಅಡಿಕೆ ರೇಟು ಕೇಳಲಿಕ್ಕೆ. ನಮಗೆ ಒಂದು ಅಡಿಕೆ ಮರವೂ ಇಲ್ಲ.