ತುರುಫು ಗಟ್ಟಿಯಾಗಿದ್ದಾಗ ನಾನು ಸ್ಲ್ಯಾಮ್ ಮುಟ್ಟುವ ಬಗೆ

ಬ್ರಿಜ್ ಇಸ್ಪೀಟು ಆಟದಲ್ಲಿ 13ರಲ್ಲಿ 12 ಟ್ರಿಕ್ (ಸುತ್ತು) ಗೆಲ್ಲಲು, ಎಂದರೆ ಸ್ಮಾಲ್ ಸ್ಲ್ಯಾಮ್‌ಗೆ, ಜೊತೆಗಾರರಿಬ್ಬರ ಕೈಯೂ ಸೇರಿ 33 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ಬೇಕು ಎಂಬ ಲೆಕ್ಕವನ್ನು ಆಟ ಕಲಿಯುವ ದಿನಗಳಲ್ಲೇ ಎಲ್ಲರೂ ಕೇಳಿರುತ್ತಾರೆ. ಎರಡೂ ಕೈಗಳಲ್ಲಿ ಸೂಟ್‌ಗಳು ಸಮನಾಗಿ ಹಂಚಿಕೊಂಡಿದ್ದು ನೋಟ್ರಂಪ್‌ನಲ್ಲಿ, ಎಂದರೆ ತುರುಫು ಇಲ್ಲದೆ, ಆಡುವಾಗ ಆ ಲೆಕ್ಕ ಬಹುಮಟ್ಟಿಗೆ ಸರಿಯೇ. ಆದರೆ ಒಬ್ಬರು ಐದು ಎಲೆಗಳ ಸ್ಪೇಡ್ ಇಟ್ಟುಕೊಂಡು ಬಿಡ್ (ಆರರ ಮೇಲೆ ಎಷ್ಟು ಟ್ರಿಕ್ ಗೆಲ್ಲುತ್ತೇವೆ ಎಂಬ ಕರೆ) ಆರಂಭಿಸಿ, ಇನ್ನೊಬ್ಬರ ಕೈಯಲ್ಲಿ ರಾಜನೋ ರಾಣಿಯೋ ಇರುವ ನಾಲ್ಕು ಸ್ಪೇಡ್ ಬಂದಾಗ ನಾನು ಆ 33ನ್ನು ಬದಿಗಿಟ್ಟುಬಿಡುತ್ತೇನೆ. ಆಗ ತಿಳಿಯಬೇಕಾದದ್ದು, ನಮ್ಮ ಪಾಯಿಂಟ್‌ಗಳು ಕೆಲಸಕ್ಕೆ ಬರುವ ಸೂಟ್‌ಗಳಲ್ಲಿ ಇವೆಯೇ ಎಂಬುದು ಮತ್ತು ಎದುರಾಳಿಗಳು ಆರಂಭದಲ್ಲೇ ಎರಡು ಟ್ರಿಕ್ ಎತ್ತಿಕೊಂಡುಬಿಡುವ ದಾರಿ ಎಲ್ಲಾದರೂ ತೆರೆದಿದೆಯೇ ಎಂಬುದು.

ನನ್ನ ಅನುಭವದಲ್ಲಿ ಇದಕ್ಕೆ ಉತ್ತರ ಹುಡುಕಲು ಬಿಡ್‌ಗಳ ನಡುವೆ ಜಾಗ ಬೇಕು, ಜಾಗ ಉಳಿಯಬೇಕಾದರೆ ಬೆಂಬಲವಿದೆ ಎಂಬ ಮಾತನ್ನು ಕೆಳಗಿನ ಮಟ್ಟದಲ್ಲೇ ಹೇಳಿ ಮುಗಿಸಬೇಕು. ಜೊತೆಗಾರರು ಒಂದು ಸ್ಪೇಡ್ ಎಂದಾಗ ನನ್ನಲ್ಲಿ ನಾಲ್ಕು ಸ್ಪೇಡ್ ಮತ್ತು ಸುಮಾರು 13 ಪಾಯಿಂಟ್ ಅಥವಾ ಹೆಚ್ಚು ಇದ್ದರೆ ನಾನು ಎರಡು ನೋಟ್ರಂಪ್ ಎನ್ನುತ್ತೇನೆ. ಆಸ್ವಾಲ್ಡ್ ಜೇಕಬಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ಬಿಡ್‌ಗೆ ನೋಟ್ರಂಪ್ ಆಡುವ ಇಚ್ಛೆಯ ಅರ್ಥವಿಲ್ಲ, ತುರುಫು ನಿಶ್ಚಯವಾಯಿತು, ಗೇಮ್‌ಗಿಂತ (ಇಲ್ಲಿ ನಾಲ್ಕು ಸ್ಪೇಡ್) ಕೆಳಗೆ ನಿಲ್ಲುವಂತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಜೊತೆಗಾರರು ಮೂರರ ಮಟ್ಟದಲ್ಲಿ ಬೇರೆ ಸೂಟ್ ಹೇಳಿದರೆ ಆ ಸೂಟ್‌ನಲ್ಲಿ ಅವರಿಗೆ ಒಂದೇ ಎಲೆ ಇದೆ ಅಥವಾ ಒಂದೂ ಇಲ್ಲ. ನೇರವಾಗಿ ನಾಲ್ಕು ಸ್ಪೇಡ್‌ಗೆ ಹೋದರೆ ಕೈ ಸಾಧಾರಣ. ಮೂರು ಸ್ಪೇಡ್ ಎಂದು ನಿಧಾನಿಸಿದರೆ ಕೈ ಬಲವಾದದ್ದು.

ನನ್ನ ಕೈಯಲ್ಲೇ ಒಂಟಿ ಎಲೆಯಿದ್ದು 10ರಿಂದ 13ರವರೆಗೆ ಪಾಯಿಂಟ್ ಇದ್ದರೆ ಎರಡು ನೋಟ್ರಂಪ್‌ಗಿಂತ ಸ್ಪ್ಲಿಂಟರ್ ನನಗೆ ಹೆಚ್ಚು ಇಷ್ಟ. ಒಂದು ಸ್ಪೇಡ್‌ಗೆ ಉತ್ತರವಾಗಿ ನಾಲ್ಕು ಕ್ಲಬ್ ಎಂದರೆ, ಸ್ಪೇಡ್‌ಗೆ ನಾಲ್ಕು ಎಲೆಗಳ ಬೆಂಬಲವಿದೆ, ಗೇಮ್‌ಗೆ ಬೇಕಾದ ಬಲವಿದೆ, ಕ್ಲಬ್‌ನಲ್ಲಿ ಒಂದಕ್ಕಿಂತ ಹೆಚ್ಚು ಎಲೆಯಿಲ್ಲ ಎಂಬ ಮೂರು ಸಂಗತಿಗಳೂ ಒಂದೇ ಬಿಡ್‌ನಲ್ಲಿ ಜೊತೆಗಾರರಿಗೆ ತಲುಪುತ್ತವೆ. ಆ ಒಂಟಿ ಎಲೆ ರಾಜನೇ ಆಗಿದ್ದರೆ ಮಾತ್ರ ನಾನು ಸ್ಪ್ಲಿಂಟರ್ ಮಾಡುವುದಿಲ್ಲ, ಏಕೆಂದರೆ ಜೊತೆಗಾರರ ಲೆಕ್ಕ ಅಲ್ಲಿ ದಾರಿ ತಪ್ಪುತ್ತದೆ.

ಈ ಬಿಡ್‌ನ ಬೆಲೆ ನನಗೆ ಚೆನ್ನಾಗಿ ಮನವರಿಕೆಯಾದದ್ದು ಮೇಜಿನ ಈಚೆ ಬದಿಯಲ್ಲಿ ಕುಳಿತಾಗ. ನನ್ನ ಕೈಯಲ್ಲಿ ಸ್ಪೇಡ್‌ನ ಎಕ್ಕ, ರಾಣಿ, 9, 6, 3. ಹಾರ್ಟ್‌ನ ಎಕ್ಕ, 5. ಡೈಮಂಡ್‌ನ ರಾಜ, ರಾಣಿ, 4. ಕ್ಲಬ್‌ನ 8, 7, 5 ಇದ್ದವು. ಒಟ್ಟು 15 ಪಾಯಿಂಟ್. ನಾನು ಒಂದು ಸ್ಪೇಡ್ ಎಂದೆ, ಜೊತೆಗಾರರು ನಾಲ್ಕು ಕ್ಲಬ್ ಎಂದರು. ನನ್ನ 15 ಪಾಯಿಂಟ್‌ಗಳಲ್ಲಿ ಒಂದೂ ಕ್ಲಬ್‌ನಲ್ಲಿ ಇರಲಿಲ್ಲ, ಎಂದರೆ ಅಷ್ಟೂ ದುಡಿಯುವ ಪಾಯಿಂಟ್‌ಗಳೇ. ಮೂರು ಸಣ್ಣ ಕ್ಲಬ್‌ಗಳಲ್ಲಿ ಒಂದು ಸೋತರೂ ಉಳಿದೆರಡನ್ನು ಅವರ ತುರುಫಿನಿಂದ ಕತ್ತರಿಸಬಹುದು. ಎಕ್ಕಗಳ ಪ್ರಶ್ನೆಯಾದ ನಾಲ್ಕು ನೋಟ್ರಂಪ್ ಕೇಳಿದೆ (ಅದರ ಕ್ರಮ ಮುಂದೆ ಹೇಳುತ್ತೇನೆ); ಐದು ಹಾರ್ಟ್ ಬಂತು; ಆರು ಸ್ಪೇಡ್ ಎಂದು ಮುಗಿಸಿದೆ.

ಜೊತೆಗಾರರು ಕೆಳಗಿಟ್ಟ ಎಲೆಗಳು: ಸ್ಪೇಡ್‌ನ ರಾಜ, ಗುಲಾಮ, 8, 4, ಹಾರ್ಟ್‌ನ ರಾಜ, 7, 6, 3, ಡೈಮಂಡ್‌ನ ಎಕ್ಕ, 9, 6, 2, ಕ್ಲಬ್‌ನ 2. ಎದುರಾಳಿಗಳು ಕ್ಲಬ್ ಎಕ್ಕ ಗೆದ್ದು ತುರುಫು ಆಡಿದರು. ಅದನ್ನು ನನ್ನ ಕೈಯಲ್ಲಿ ಗೆದ್ದು ಒಂದು ಕ್ಲಬ್ ಕತ್ತರಿಸಿ, ಹಾರ್ಟ್ ಎಕ್ಕಕ್ಕೆ ಮರಳಿ ಇನ್ನೊಂದನ್ನು ಕತ್ತರಿಸಿ, ಡೈಮಂಡ್ ರಾಜನ ಮೂಲಕ ಹಿಂತಿರುಗಿ ಉಳಿದ ತುರುಫುಗಳನ್ನೆಲ್ಲ ಎಳೆದುಕೊಂಡೆ. ನನ್ನ ಐದು ತುರುಫು, ಎರಡು ಕತ್ತರಿಕೆ, ಎರಡು ಹಾರ್ಟ್, ಮೂರು ಡೈಮಂಡ್: 12 ಟ್ರಿಕ್. ಇಬ್ಬರದೂ ಸೇರಿ ಇದ್ದದ್ದು 26 ಪಾಯಿಂಟ್ ಮಾತ್ರ.

ಈಗ ನನ್ನ ಡೈಮಂಡ್ ರಾಜ ರಾಣಿಯರನ್ನು ತೆಗೆದು ಕ್ಲಬ್‌ನಲ್ಲಿ ಇಟ್ಟು ನೋಡಿ: ಡೈಮಂಡ್‌ನ 10, 8, 4, ಕ್ಲಬ್‌ನ ರಾಜ, ರಾಣಿ, 5. ಪಾಯಿಂಟ್ ಅದೇ 15, ಆದರೆ ಕ್ಲಬ್ ಎಕ್ಕದ ಜೊತೆಗೆ ಡೈಮಂಡ್‌ನಲ್ಲೂ ಒಂದು ಟ್ರಿಕ್ ಹೋಗುತ್ತದೆ, 11ಕ್ಕೆ ಆಟ ನಿಲ್ಲುತ್ತದೆ. ಅಂಥ ಕೈಯಲ್ಲಿ ನಾಲ್ಕು ಕ್ಲಬ್ ಕೇಳಿದೊಡನೆ ನಾನು ನಾಲ್ಕು ಸ್ಪೇಡ್ ಎಂದು ಸುಮ್ಮನಾಗುತ್ತೇನೆ. ಜೊತೆಗಾರರ ಒಂಟಿ ಎಲೆಗೆ ಎದುರಾಗಿ ಕುಳಿತ ರಾಜ ರಾಣಿಯರನ್ನು ಸ್ಲ್ಯಾಮ್‌ನ ಲೆಕ್ಕಕ್ಕೆ ಹಿಡಿಯುವುದನ್ನು ನಾನು ಸಂಪೂರ್ಣವಾಗಿ ಬಿಟ್ಟಿದ್ದೇನೆ.

ನಾಲ್ಕು ನೋಟ್ರಂಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಈಸ್ಲಿ ಬ್ಲ್ಯಾಕ್‌ವುಡ್ ಅವರು 1933ರಲ್ಲಿ ರೂಪಿಸಿದ ಈ ಪ್ರಶ್ನೆ ಇಂದು ನಾಲ್ಕು ಎಕ್ಕಗಳೊಂದಿಗೆ ತುರುಫಿನ ರಾಜನನ್ನೂ ಸೇರಿಸಿ ಐದು ಕೀಕಾರ್ಡ್‌ಗಳನ್ನು ಎಣಿಸುತ್ತದೆ. ನಾವು ಆಡುವ ಕ್ರಮದಲ್ಲಿ ಐದು ಕ್ಲಬ್ ಎಂದರೆ ಒಂದು ಅಥವಾ ನಾಲ್ಕು, ಐದು ಡೈಮಂಡ್ ಎಂದರೆ ಸೊನ್ನೆ ಅಥವಾ ಮೂರು, ಐದು ಹಾರ್ಟ್ ಎಂದರೆ ತುರುಫಿನ ರಾಣಿಯಿಲ್ಲದೆ ಎರಡು, ಐದು ಸ್ಪೇಡ್ ಎಂದರೆ ರಾಣಿಯೊಂದಿಗೆ ಎರಡು. ಮೇಲಿನ ಕೈಯಲ್ಲಿ ಉತ್ತರ ಐದು ಕ್ಲಬ್ ಆಗಿದ್ದರೆ ಎರಡು ಕೀಕಾರ್ಡ್‌ಗಳು ಎದುರಾಳಿಗಳ ಬಳಿ ಇವೆಯೆಂದು ತಿಳಿದು ಐದು ಸ್ಪೇಡ್‌ನಲ್ಲಿ ನಿಲ್ಲುತ್ತಿದ್ದೆ. ಸ್ಲ್ಯಾಮ್ ಇದೆಯೆಂದು ಕೈಗಳು ಆಗಲೇ ಹೇಳಿದ ಮೇಲೆ, ಎರಡು ಎಕ್ಕ ಕಳೆದುಕೊಳ್ಳುವ ಸ್ಲ್ಯಾಮ್‌ನಿಂದ ಹೊರಗುಳಿಯಲು ನಾನು ಈ ಪ್ರಶ್ನೆಯನ್ನು ಬಳಸುತ್ತೇನೆ.

ಯಾವುದಾದರೂ ಸೂಟ್‌ನಲ್ಲಿ ನನಗೆ ಎರಡು ಸಣ್ಣ ಎಲೆಗಳಿದ್ದು ಅಲ್ಲಿ ಜೊತೆಗಾರರ ಸ್ಥಿತಿ ತಿಳಿಯದಿದ್ದರೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎಕ್ಕಗಳ ಸಂಖ್ಯೆ ತಿಳಿದರೂ ಅವು ಎಲ್ಲಿವೆ ಎಂಬುದು ತಿಳಿಯುವುದಿಲ್ಲ. ಆಗ ಕ್ಯೂಬಿಡ್ ದಾರಿ ಹಿಡಿಯುತ್ತೇನೆ: ಎಕ್ಕ, ರಾಜ, ಒಂಟಿ ಎಲೆ, ಇವುಗಳಲ್ಲಿ ಒಂದಿರುವ ಅಥವಾ ಎಲೆಯೇ ಇಲ್ಲದ ಸೂಟ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಒಬ್ಬರಾದ ಮೇಲೆ ಒಬ್ಬರು ಹೇಳುತ್ತ ಹೋಗುತ್ತೇವೆ. ನಾನು ನಾಲ್ಕು ಕ್ಲಬ್, ಅವರು ನಾಲ್ಕು ಡೈಮಂಡ್, ನಾನು ನಾಲ್ಕು ಸ್ಪೇಡ್ ಎಂದರೆ ಹಾರ್ಟ್‌ನಲ್ಲಿ ನನಗೆ ಹಿಡಿತವಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಅವರಿಗೂ ಇಲ್ಲದಿದ್ದರೆ ಪಾಸ್.

ಸ್ಮಾಲ್ ಸ್ಲ್ಯಾಮ್‌ಗೆ ಧೈರ್ಯ ಎಷ್ಟು ಬೇಕೆಂಬುದನ್ನು ಅಂಕಗಳೇ ಹೇಳುತ್ತವೆ. ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಾಗಿರುವ ಸ್ಥಿತಿ) ಅಲ್ಲದಾಗ 12 ಟ್ರಿಕ್ ಬಂದರೆ ನಾಲ್ಕು ಸ್ಪೇಡ್‌ಗೆ 480, ಆರು ಸ್ಪೇಡ್‌ಗೆ 980. ಒಂದು ಕಡಿಮೆಯಾದರೆ 450ರ ಬದಲು 50 ನಷ್ಟ. ಎರಡೂ ಕಡೆ ಅಂತರ 500, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಸಾಧ್ಯತೆಯಿದ್ದರೆ ಸಾಕು. 13 ಟ್ರಿಕ್‌ನ ಗ್ರ್ಯಾಂಡ್ ಸ್ಲ್ಯಾಮ್‌ಗೆ ಮೂರರಲ್ಲಿ ಎರಡು ಪಾಲು ಸಾಧ್ಯತೆ ಬೇಕು. ಅಲ್ಲಿ ತುರುಫಿನ ರಾಣಿ ದೊಡ್ಡ ಪ್ರಶ್ನೆಯಾಗುತ್ತಾಳೆ. ಆದರೆ ಜೊತೆಗಾರರ ಐದು ಎಲೆಗೆ ನನ್ನಲ್ಲೂ ಐದು ಇದ್ದರೆ, ರಾಣಿ ಇಲ್ಲದಿದ್ದರೂ ಇದೆಯೆಂದೇ ಉತ್ತರಿಸುತ್ತೇನೆ: ಹೊರಗಿರುವ ಮೂರು ಎಲೆಗಳು 78 ಶೇಕಡಾ ಸಲ ಒಬ್ಬ ಎದುರಾಳಿಗೆ ಎರಡು, ಇನ್ನೊಬ್ಬರಿಗೆ ಒಂದು ಎಂದು ಹಂಚಿಹೋಗುತ್ತವೆ, ಎಕ್ಕ ರಾಜರ ಕೆಳಗೆ ರಾಣಿ ಬೀಳುತ್ತಾಳೆ. ಐದು ಕೀಕಾರ್ಡ್‌ಗಳೂ ರಾಣಿಯೂ ನಮ್ಮವೇ ಎಂದು ತಿಳಿದ ಮೇಲೂ ನಾನು ಟ್ರಿಕ್‌ಗಳನ್ನು ಒಂದೊಂದಾಗಿ ಎಣಿಸುತ್ತೇನೆ. 13ನೆಯದು ಯಾವ ಎಲೆಯಿಂದ ಬರುತ್ತದೆ ಎಂದು ಹೇಳಲಾಗದಿದ್ದರೆ ಆರರಲ್ಲೇ ನಿಲ್ಲುತ್ತೇನೆ.