ಕರಿಗೋಟು ಮೇಲಿರಲಿ: ಬ್ರಿಟನ್ನಿನಲ್ಲಿ ಹಳೆಯ ಸಾಮಾನು ಮಾರುವವರಿಗೆ

“ಕೋಟು ಚೆನ್ನಾಗಿದೆ, ಅಳತೆಯೂ ಸರಿಯಾಗಿದೆ. ಆದರೆ ಯಾರದೋ ಅಡುಗೆಮನೆಯ ವಾಸನೆ.”

ನಾನು ಬ್ರಿಟನ್ನಿಗೆ ಹೋದ ಎರಡನೆಯ ಚಳಿಗಾಲದಲ್ಲಿ ಇಬೇ ಎಂಬ ಅಂತರಜಾಲ ಮಾರಾಟ ತಾಣದಲ್ಲಿ ಮಾರಿದ ಉಣ್ಣೆಯ ಕೋಟಿಗೆ ಒಬ್ಬ ಮಹಿಳೆ ಬರೆದ ಫೀಡ್‌ಬ್ಯಾಕ್ ಇದು. ಜೊತೆಗೆ ಒಳ್ಳೆಯದೂ ಅಲ್ಲದ, ಕೆಟ್ಟದ್ದೂ ಅಲ್ಲದ ಬೂದು ಗುರುತು. ವಾಸನೆ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೋಟು ವರ್ಷವಿಡೀ ನೇತಾಡಿದ್ದು ಅಡುಗೆಮನೆಯ ಬಾಗಿಲಿನ ಹಿಂದಿನ ಮೊಳೆಯಲ್ಲಿ. ತೆಂಗಿನೆಣ್ಣೆ, ಸಾಸಿವೆ, ಇಂಗು ಮೂರೂ ಸೇರಿ ಉಣ್ಣೆಯೊಳಗೆ ಮನೆ ಮಾಡಿದ್ದವು. ಗೊತ್ತಿದ್ದರೂ ಸಿಟ್ಟು ಬಂತು. ರಾತ್ರಿ ಹನ್ನೊಂದಕ್ಕೆ ಕುಳಿತು, ಇಂಗಿನ ಮಹತ್ವದ ಬಗ್ಗೆ ಆಕೆಗೆ ಪಾಠ ಹೇಳುವ ಉತ್ತರವೊಂದನ್ನು ಟೈಪ್ ಮಾಡಿದೆ. ಹೆಂಡತಿ ಬಂದು ಓದಿದಳು. “ಹಾಕಿದ ಮೇಲೆ ಅಳಿಸಲು ಆಗುತ್ತದೆಯೇ?” ಎಂದು ಕೇಳಿದಳು. ಇಲ್ಲ ಎಂದೆ. “ಹಾಗಾದರೆ ಮಲಗಿ.”

ಈ ವರ್ಷ ರಜೆಯಲ್ಲಿ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಮನೆಗೆ ಬಂದಾಗ ಅಕ್ಕನ ಮಗ ಇದೇ ವಿಷಯ ಎತ್ತಿದ. ಜನವರಿಯಲ್ಲಿ ಓದಲು ಹೊರಟಿದ್ದಾನೆ. ಅಲ್ಲಿ ವಿದ್ಯಾರ್ಥಿಗಳು ಕೋಣೆ ಬದಲಿಸುವಾಗಲೆಲ್ಲ ಮೇಜು, ಕುಕ್ಕರ್, ಸೈಕಲ್ ಮಾರುತ್ತಾರೆಂದು ಯಾರೋ ಹೇಳಿದ್ದಾರೆ. “ಮಾವ, ಐದು ನಕ್ಷತ್ರ ಸಿಗುವುದಕ್ಕೆ ಏನು ಮಾಡಬೇಕು? ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಅರವತ್ತು ಜನ ಇದ್ದಾರಲ್ಲ!” ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅವನಿಗೆ ಹೇಳಿದ್ದನ್ನೇ, ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯಿಂದ ಅತ್ತ ಹೊರಟಿರುವ ಉಳಿದವರಿಗೂ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಈ ವ್ಯವಸ್ಥೆಯ ಹುಟ್ಟು. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಆಕ್ಷನ್‌ವೆಬ್ ಎಂಬ ತಾಣ ತೆರೆದರು. ಅದೇ ಮುಂದೆ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಇದು ಕೆಟ್ಟಿದೆ ಎಂಬುದು ನಿಮಗೆ ತಿಳಿದಿದೆ ತಾನೇ ಎಂದು ಒಮಿಡ್ಯಾರ್ ಕೊಂಡವನನ್ನು ಕೇಳಿದರಂತೆ. ಕೆಟ್ಟ ಲೇಸರ್ ಪಾಯಿಂಟರುಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸ ಎಂದು ಅವನು ಉತ್ತರಿಸಿದನಂತೆ. ಮುಖ ನೋಡದೆ ವ್ಯಾಪಾರ ಮಾಡುವವರು ಹೆಚ್ಚಿದಂತೆ ಜಗಳವೂ ಹೆಚ್ಚಿತು. ಕೊಂಡವರು, ಮಾರಿದವರು ಒಬ್ಬರ ಬಗ್ಗೆ ಇನ್ನೊಬ್ಬರು ಎಲ್ಲರಿಗೂ ಕಾಣುವಂತೆ ಬರೆಯುವ ಏರ್ಪಾಡು 1996ರ ಫೆಬ್ರವರಿಯಲ್ಲಿ ಬಂತು. ಒಳ್ಳೆಯದಕ್ಕೆ ಒಂದು ಅಂಕ ಕೂಡುತ್ತದೆ, ಕೆಟ್ಟದ್ದಕ್ಕೆ ಒಂದು ಕಳೆಯುತ್ತದೆ, ತಟಸ್ಥಕ್ಕೆ ಸೊನ್ನೆ. ನಿಮ್ಮ ಹೆಸರಿನ ಪಕ್ಕದ ಶೇಕಡಾವಾರು ಲೆಕ್ಕ ಹಿಂದಿನ ಹನ್ನೆರಡು ತಿಂಗಳದ್ದು. ನೂರು ಮಾರಾಟ ಮಾಡಿದವನಿಗೆ ಒಂದು ಕೆಂಪು ಗುರುತು ಬಿದ್ದರೆ ಏನೂ ಆಗುವುದಿಲ್ಲ. ಮೂರನೆಯ ಮಾರಾಟದಲ್ಲೇ ಬಿದ್ದರೆ ನಾಲ್ಕನೆಯ ಗಿರಾಕಿ ಬರುವುದು ಕಷ್ಟ.

ಮೊದಲೆಲ್ಲ ಮಾರುವವನೂ ಕೊಂಡವರ ಬಗ್ಗೆ ಕೆಟ್ಟದಾಗಿ ಬರೆಯಬಹುದಿತ್ತು. ಹಾಗಾಗಿ ಇಬ್ಬರೂ ನೀನು ಮೊದಲು, ನೀನು ಮೊದಲು ಎಂದು ಕಾಯುತ್ತಿದ್ದರು. ಒಬ್ಬ ಬೈದರೆ ಇನ್ನೊಬ್ಬ ತಿರುಗಿ ಬೈಯುತ್ತಿದ್ದ. 2008ರಿಂದ ಮಾರುವವನು ಕೊಂಡವರಿಗೆ ಒಳ್ಳೆಯ ಗುರುತು ಮಾತ್ರ ಕೊಡಬಹುದು, ಅಥವಾ ಸುಮ್ಮನಿರಬಹುದು. ಇದು ಅನ್ಯಾಯ ಎನ್ನುವ ಮಾರಾಟಗಾರರು ಈಗಲೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ದುಡ್ಡು ಮೊದಲೇ ಕೊಟ್ಟು, ವಸ್ತುವನ್ನು ಮುಟ್ಟಿಯೂ ನೋಡದೆ ಕಾಯುವವರು ಅವರಲ್ಲವೇ? ಪೊಟ್ಟಣ ತಲುಪಿತು ಎಂದು ತಿಳಿದ ದಿನವೇ ನಾನು ಕೊಂಡವರಿಗೆ ಒಂದು ಸಾಲು ಬರೆದುಬಿಡುತ್ತೇನೆ. ಅವರು ನನಗೆ ಬರೆಯುತ್ತಾರೋ ಇಲ್ಲವೋ ಎಂದು ನೋಡುತ್ತ ಕೂರುವುದಿಲ್ಲ. ಅವರಿಗೆ ಅರವತ್ತು ದಿನ ಅವಕಾಶವಿದೆ, ಹಲವರು ಬರೆಯುವುದೇ ಇಲ್ಲ. ಮದುವೆಯ ಊಟ ಮುಗಿಸಿ ಹೇಳದೆ ಹೋದರೆ ನಮ್ಮಲ್ಲಿ ಮಾತು ಬರುತ್ತದೆ. ಅಲ್ಲಿ ಹೇಳದೆ ಹೋದವರು ಉಂಡದ್ದು ರುಚಿಸಿತು ಎಂದೇ ತಿಳಿದುಕೊಳ್ಳಿ. “ದಯವಿಟ್ಟು ಐದು ನಕ್ಷತ್ರ ಕೊಡಿ” ಎಂದು ಬೆನ್ನುಹತ್ತಬೇಡಿ. ಪೊಟ್ಟಣದೊಳಗೆ “ಏನಾದರೂ ತೊಂದರೆಯಿದ್ದರೆ ಮೊದಲು ನನಗೆ ತಿಳಿಸಿ” ಎಂಬ ಚೀಟಿ ಇಡುವುದಕ್ಕೆ ಯಾರೂ ಬೇಸರಿಸುವುದಿಲ್ಲ.

ಹಾಗಾದರೆ ಒಳ್ಳೆಯ ಫೀಡ್‌ಬ್ಯಾಕ್ ಎಲ್ಲಿಂದ ಬರುತ್ತದೆ? ಅಂಗಳದ ಕಡೆ ನೋಡು ಎಂದೆ ಅಳಿಯನಿಗೆ. ಅಡಿಕೆ ಸುಲಿದ ಮೇಲೆ ಅಮ್ಮ ಈಗಲೂ ಮೊರದ ಮುಂದೆ ಕುಳಿತು ಒಳ್ಳೆಯ ದರ್ಜೆಯ ಚಾಲಿ ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕಪ್ಪಾಗಿ ಕೆಟ್ಟ ಕರಿಗೋಟು ಬೇರೆ ಎಂದು ಆರಿಸುತ್ತಾರೆ. ವ್ಯಾಪಾರಿ ಗೋಣಿಯ ಬಾಯಲ್ಲಿ ಕಾಣುವುದನ್ನು ಮುಟ್ಟುವುದೇ ಇಲ್ಲ. ಮೊಣಕೈಯವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದು, ಎರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾನೆ. ಕರಿಗೋಟಿಗೂ ಅದರದ್ದೇ ಬೆಲೆಯಿದೆ, ಕೊಳ್ಳುವವರಿದ್ದಾರೆ. ಚಾಲಿಯೊಳಗೆ ಅದನ್ನು ಬೆರೆಸಿಟ್ಟದ್ದು ಕೈಗೆ ಸಿಕ್ಕಿದರೆ ಮಾತ್ರ ಇಡೀ ಗೋಣಿಯ ದರ ಕುಸಿಯುತ್ತದೆ, ಮುಂದಿನ ವರ್ಷದ ಗೋಣಿಯನ್ನೂ ಅವನು ಅನುಮಾನದಿಂದಲೇ ಬಿಚ್ಚುತ್ತಾನೆ. ಬ್ರಿಟನ್ನಿನ ಗಿರಾಕಿಗೆ ತಳಕ್ಕೆ ಕೈ ಹಾಕುವ ದಾರಿಯಿಲ್ಲ. ಆ ಕೆಲಸವನ್ನು ನೀವೇ ಮಾಡಿ ತೋರಿಸಬೇಕು.

ಆದ್ದರಿಂದ ವಿವರಣೆಯ ಮೊದಲ ಸಾಲಿನಲ್ಲೇ ದೋಷ ಬರೆಯಿರಿ. ಕುಕ್ಕರಿನ ಮುಚ್ಚಳಕ್ಕೆ ತಗ್ಗು ಬಿದ್ದಿದ್ದರೆ ಅದರ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಬೂಟಿನ ಅಟ್ಟೆ, ಅಂಗಿಯ ತೋಳಿನ ಅಂಚು, ಒಳಗಿನ ಲೇಬಲ್ ಇವೆಲ್ಲ ಫೋಟೊದಲ್ಲಿ ಇರಬೇಕು. ಬಟ್ಟೆಗೆ ದೊಡ್ಡದು, ಚಿಕ್ಕದು ಎಂದರೆ ಸಾಲದು. ಅಂಗಿಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಎಷ್ಟು ಇಂಚು ಎಂದು ಅಳೆದು ಬರೆಯುವುದು ಅಲ್ಲಿನ ರೂಢಿ. “ಧೂಮಪಾನವಿಲ್ಲದ, ಸಾಕುಪ್ರಾಣಿಯಿಲ್ಲದ ಮನೆಯದು” ಎಂಬ ಸಾಲನ್ನು ಅಲ್ಲಿ ಬಹಳ ಮಂದಿ ಹಾಕುತ್ತಾರೆ. ಮೊದಲು ಅದನ್ನು ಓದಿ ನಾನು ನಕ್ಕಿದ್ದೆ. ಕೋಟಿನ ನಂತರ ನಗುವುದಿಲ್ಲ. ಮಾರುವ ಬಟ್ಟೆಯನ್ನು ತೊಳೆದು, ಎರಡು ದಿನ ಕಿಟಕಿಯ ಬಳಿ ಗಾಳಿಗೆ ಹಾಕಿ, ಮನೆಯವರಲ್ಲದ ಒಬ್ಬರಿಗೆ ಮೂಸಲು ಕೊಡುತ್ತೇನೆ. ನಮ್ಮ ಮೂಗು ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ.

“ಖಾಸಗಿ ಮಾರಾಟ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ” ಎಂದು ಬರೆದರೆ ಪಾರಾದೆವು ಎಂದು ಹಲವರು ತಿಳಿಯುತ್ತಾರೆ. ಅರ್ಧ ಮಾತ್ರ ನಿಜ. ಮನಸ್ಸು ಬದಲಾಯಿತೆಂದು ಹದಿನಾಲ್ಕು ದಿನದೊಳಗೆ ವಾಪಸು ಕೊಡುವ ಹಕ್ಕು 2013ರ ನಿಯಮಗಳ ಪ್ರಕಾರ ಅಂಗಡಿ ನಡೆಸುವವರಿಂದ ಕೊಂಡಾಗ ಸಿಗುತ್ತದೆ; ಮನೆಯ ಹಳೆಯ ಸಾಮಾನು ಮಾರುವ ನಿಮಗೆ ಅದು ಅನ್ವಯಿಸುವುದಿಲ್ಲ. ಆದರೆ ವಸ್ತು ವಿವರಣೆಯಂತೆ ಇಲ್ಲದಿದ್ದರೆ ಇಬೇಯಲ್ಲಿ ಮೂವತ್ತು ದಿನದೊಳಗೆ ಹಣ ವಾಪಸು ಕೇಳಬಹುದು, ಹಿಂದಕ್ಕೆ ಕಳುಹಿಸುವ ಅಂಚೆ ವೆಚ್ಚವೂ ನಿಮ್ಮದೇ.

ಅಂಚೆಯ ಬಗ್ಗೆ ಎರಡೇ ಮಾತು. ರಾಯಲ್ ಮೇಲ್‌ನಲ್ಲಿ ದೊಡ್ಡ ಪತ್ರದ ದರಕ್ಕೆ ಹೋಗಬೇಕಾದರೆ ದಪ್ಪ 2.5 ಸೆಂಟಿಮೀಟರ್, ತೂಕ 750 ಗ್ರಾಂ ಮೀರಬಾರದು. ಸ್ವಲ್ಪ ಉಬ್ಬಿದರೂ ಅದು ಪಾರ್ಸೆಲ್. ಅಂಚೆಚೀಟಿ ಕಡಿಮೆಯಾದರೆ ಉಳಿದ ಹಣವನ್ನು ದಂಡ ಸಮೇತ ಪಡೆಯುವವರೇ ಕಟ್ಟಬೇಕು, ಮತ್ತು ಅವರು ಏನು ಬರೆಯುತ್ತಾರೆಂದು ನಾನು ಹೇಳಬೇಕಾಗಿಲ್ಲ. ಕೌಂಟರಿನಲ್ಲಿ ಕಳುಹಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ, ಅದಕ್ಕೆ ಹಣವಿಲ್ಲ.

ಇನ್ನು ಮಾತು. ನಮ್ಮವರು ಹೆಚ್ಚು ಎಡವುವುದು ಇಲ್ಲಿ. ಕನ್ನಡದಲ್ಲಿ “ಫೋಟೊ ಕಳುಹಿಸಿ” ಎಂದರೆ ಸಾಕು, ಕೊನೆಯ ಆ “ಇ”ಯಲ್ಲೇ ಮರ್ಯಾದೆ ಇದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲವಿಲ್ಲ. ಅದನ್ನೇ ನೇರವಾಗಿ ಇಂಗ್ಲಿಷಿಗೆ ತಂದರೆ ಯಜಮಾನ ಆಳಿಗೆ ಹೇಳಿದಂತಾಗುತ್ತದೆ. ಮುಂದೊಂದು ನಮಸ್ಕಾರ, ಹಿಂದೊಂದು ಧನ್ಯವಾದ, ನಡುವೆ “ಸಾಧ್ಯವಾದರೆ” ಇವು ಅಲ್ಲಿ ಅಲಂಕಾರವಲ್ಲ, ವ್ಯಾಕರಣ. ಅವರ ಮಾತನ್ನು ತೂಗುವುದನ್ನೂ ಕಲಿಯಬೇಕು. “ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ” ಎಂದು ಸಂದೇಶ ಆರಂಭವಾದರೆ ದೂರು ಬರುತ್ತಿದೆ ಎಂದರ್ಥ. “ಸ್ವಲ್ಪ ನಿರಾಶೆಯಾಯಿತು” ಎಂದರೆ ಚೆನ್ನಾಗಿಯೇ ಸಿಟ್ಟು ಬಂದಿದೆ. “ವಿವರಿಸಿದಂತೆಯೇ ಇದೆ” ಎಂಬ ಒಣ ಸಾಲು ಅಲ್ಲಿ ದೊಡ್ಡ ಹೊಗಳಿಕೆ. ಮಲಯಾಳದ “ಕುಳಪ್ಪಮಿಲ್ಲ” (ತೊಂದರೆಯಿಲ್ಲ) ಎಂಬ ಒಂದೇ ಪದ ಹೇಳುವವರ ದನಿಗೆ ತಕ್ಕಂತೆ ತೃಪ್ತಿಯೂ ಆಗುತ್ತದೆ, ನಿಟ್ಟುಸಿರೂ ಆಗುತ್ತದೆ. ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ದಿನಾ ಕೇಳಿ ಬೆಳೆದ ನಮಗೆ ಇದು ಕಷ್ಟವಾಗಬಾರದು.

ಕೆಟ್ಟ ಗುರುತು ಬಂದೇ ಬಂತು ಎಂದುಕೊಳ್ಳಿ. ಆ ರಾತ್ರಿ ಏನನ್ನೂ ಬರೆಯಬೇಡಿ. ಬೆಳಿಗ್ಗೆ ತಾಣದ ಸಂದೇಶಪೆಟ್ಟಿಗೆಯಲ್ಲೇ ಬರೆಯಿರಿ; ವಾಟ್ಸ್‌ಆ್ಯಪಿಗೆ ಬನ್ನಿ ಎಂದು ಕರೆಯಬೇಡಿ, ಮಾತೆಲ್ಲ ದಾಖಲೆಯಲ್ಲಿರಬೇಕು. ತಪ್ಪು ನಿಮ್ಮದಾದರೆ ಒಪ್ಪಿ, ಹಣದ ಒಂದು ಭಾಗವನ್ನೋ ಪೂರ್ತಿಯನ್ನೋ ಮರಳಿಸಿ. ಫೀಡ್‌ಬ್ಯಾಕ್ ಬದಲಿಸಿದರೆ ಹಣ ಕೊಡುತ್ತೇನೆ ಎಂಬ ಷರತ್ತು ಮಾತ್ರ ಬೇಡ, ಅದಕ್ಕೆ ನಿಷೇಧವಿದೆ. ಕೊಂಡವರು “ಇಷ್ಟು ಕೊಡು, ಇಲ್ಲವಾದರೆ ಕೆಟ್ಟದಾಗಿ ಬರೆಯುತ್ತೇನೆ” ಎಂದರೆ ಅದೂ ನಿಷಿದ್ಧವೇ. ಆ ಸಂದೇಶ ತೋರಿಸಿ ದೂರು ಕೊಡಬಹುದು. ವಿಷಯ ಬಗೆಹರಿದ ಮೇಲೆ ತಿದ್ದುಪಡಿ ಕೋರುವ ಗುಂಡಿಯಿದೆ. ಫೀಡ್‌ಬ್ಯಾಕ್ ಬಂದ ಮೂವತ್ತು ದಿನದೊಳಗೆ ಒಮ್ಮೆ ಕೇಳಬಹುದು, ಒಪ್ಪಲು ಅವರಿಗೆ ಹತ್ತು ದಿನ. ಸಾವಿರ ಫೀಡ್‌ಬ್ಯಾಕಿಗೆ ವರ್ಷಕ್ಕೆ ಐದು ಕೋರಿಕೆಯಷ್ಟೇ ಮಿತಿ, ಹಾಗಾಗಿ ಸಣ್ಣಪುಟ್ಟದಕ್ಕೆ ಖರ್ಚು ಮಾಡಬೇಡಿ. ಸಾರ್ವಜನಿಕವಾಗಿ ಉತ್ತರಿಸಲೇಬೇಕಾದರೆ ಅದನ್ನು ಮುಂದಿನ ಗಿರಾಕಿ ಓದುತ್ತಾನೆ ಎಂದುಕೊಂಡು ಬರೆಯಿರಿ. ನಾನು ಮರುದಿನ ಹಾಕಿದ್ದು ಇಷ್ಟು: “ಕ್ಷಮಿಸಿ, ಅದನ್ನು ವಿವರಣೆಯಲ್ಲಿ ಹೇಳಬೇಕಾಗಿತ್ತು. ಡ್ರೈಕ್ಲೀನಿಂಗ್ ವೆಚ್ಚ ಕಳುಹಿಸಿದ್ದೇನೆ.” ಬೂದು ಗುರುತು ಹಾಗೇ ಉಳಿಯಿತು. ಒಂದು ತಿಂಗಳ ನಂತರ ಅದೇ ಮಹಿಳೆ ನನ್ನಿಂದ ಒಂದು ಟೇಬಲ್ ಲ್ಯಾಂಪ್ ಕೊಂಡರು.

ಅರವತ್ತು ಜನರ ವಾಟ್ಸ್‌ಆ್ಯಪ್ ಗುಂಪಿನ ವಿಷಯ. ಭಾವನ ಅಂಗಡಿಗೆ ಗೂಗಲ್‌ನಲ್ಲಿ ಐದು ನಕ್ಷತ್ರ ಹಾಕಿ ಎಂದು ಸಂದೇಶ ಬಂದರೆ ನಾವೆಲ್ಲ ಹಾಕಿದವರೇ, ಅಂಗಡಿಯ ಮೆಟ್ಟಿಲು ತುಳಿಯದೆಯೂ. ಇಬೇಯಲ್ಲಿ ಕೊಳ್ಳದವರು ಬರೆಯಲು ಆಗುವುದೇ ಇಲ್ಲ. ಬರೆಸುವುದಕ್ಕೆಂದೇ ನೆಂಟರಿಂದ ಕೊಳ್ಳಿಸಿದರೆ ಖಾತೆಗೇ ಕುತ್ತು. ವ್ಯಾಪಾರಸ್ಥರು ಸುಳ್ಳು ವಿಮರ್ಶೆ ಬರೆಸುವುದನ್ನು ಬ್ರಿಟನ್ನು 2024ರಲ್ಲಿ ಮಾಡಿದ ಹೊಸ ಕಾಯ್ದೆ ನಿಷೇಧಿಸುತ್ತದೆ. ಆ ಭಾಗ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ವಿದ್ಯಾರ್ಥಿ ವೀಸಾದವರು ಇದೊಂದನ್ನು ಗಮನಿಸಿ: ಬಳಸಿದ ನಿಮ್ಮದೇ ಕುರ್ಚಿ ಮಾರುವುದಕ್ಕೆ ತೊಂದರೆಯಿಲ್ಲ, ಲಾಭಕ್ಕೆಂದು ಕೊಂಡು ಮಾರಿದರೆ ಅದು ಸ್ವಂತ ಉದ್ಯೋಗವಾಗುತ್ತದೆ, ಆ ವೀಸಾದಲ್ಲಿ ಅದಕ್ಕೆ ಅನುಮತಿಯಿಲ್ಲ. ಊರಿನಿಂದ ಹತ್ತು ಕಾಸರಗೋಡು ಸೀರೆ ತಂದು ಮಾರುವ ಯೋಚನೆ ಇದ್ದರೆ ಬಿಟ್ಟುಬಿಡಿ. ವರ್ಷಕ್ಕೆ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಾರಾಟ ಮಾಡಿದವರ ವಿವರವನ್ನು ತಾಣಗಳು ತೆರಿಗೆ ಇಲಾಖೆಗೆ ಕೊಡುತ್ತವೆ. ಕೊಟ್ಟ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ.

ಅಳಿಯ ಇಷ್ಟನ್ನೂ ಕೇಳಿ, ಹೊರಡುವ ಮೊದಲು ತನ್ನ ಸ್ಕೂಟರ್ ಮಾರಬೇಕೆಂದು ಫೋನಿನಲ್ಲಿ ಬರೆದಿಟ್ಟ ಜಾಹೀರಾತನ್ನು ತೋರಿಸಿದ. “ಒಳ್ಳೆಯ ಸ್ಥಿತಿಯಲ್ಲಿದೆ” ಎಂದಿತ್ತು. ಎಡಗನ್ನಡಿ ಒಡೆದದ್ದು ಎಲ್ಲಿ ಎಂದೆ. ಸ್ವಲ್ಪ ಗೊಣಗಿ ಅದನ್ನು ಅಳಿಸಿ ಹೊಸದಾಗಿ ಬರೆದ: ಎಡಗನ್ನಡಿ ಒಡೆದಿದೆ, ಮಳೆಗಾಲದಲ್ಲಿ ಬೆಳಿಗ್ಗೆ ಎರಡು ಸಲ ಒದೆಯಬೇಕು, ಹಿಂದಿನ ಟೈರು ಹೊಸದು. ಮಧ್ಯಾಹ್ನದೊಳಗೆ ಉಪ್ಪಳದಿಂದ ಒಬ್ಬರು ಫೋನ್ ಮಾಡಿದರು, ಸಂಜೆ ಬಂದೂಬಿಟ್ಟರು. ಸ್ಕೂಟರಿಗೆ ಎರಡು ಸುತ್ತು ಬಂದು, ಒಡೆದ ಕನ್ನಡಿಯನ್ನು ಬೆರಳಿನಿಂದ ತಟ್ಟಿ, ಬರೆದದ್ದೆಲ್ಲ ಸರಿಯಾಗಿಯೇ ಇದೆ ಎಂದರು. ಅಳಿಯ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

“ಅದೆಲ್ಲ ಸರಿ,” ಎಂದರು ಅವರು ಜಗಲಿಯಲ್ಲಿ ಕುಳಿತುಕೊಳ್ಳುತ್ತ, “ಕೊನೆಗೆ ಎಷ್ಟು?”