ದಮ್ಮಿನವರ ಯೋಗ: ಮೊದಲು ಉಸಿರು ಬಿಡೋದು ಕಲಿಯಿರಿ

ಕಪಾಲಭಾತಿ ಬೇಡ. ಭಸ್ತ್ರಿಕಾ ಬೇಡ. ಕುಂಭಕ, ಅಂದರೆ ಉಸಿರು ಹಿಡಿದು ನಿಲ್ಲಿಸೋದು, ಬೇಡವೇ ಬೇಡ. ಸರ್ವಾಂಗಾಸನ, ಶೀರ್ಷಾಸನದಂಥ ತಲೆಕೆಳಗಿನ ಆಸನಗಳೂ ಬೇಡ. ಸಿಒಪಿಡಿ, ಅಂದರೆ ಉಸಿರಿನ ಕೊಳವೆಗಳು ಸಣ್ಣದಾಗಿ ದಮ್ಮು ಕಟ್ಟುವ ಬಹುಕಾಲದ ಶ್ವಾಸಕೋಶದ ಕಾಯಿಲೆ, ಇರುವವರು ಯೋಗ ಶುರು ಮಾಡುವ ಮೊದಲು ಇಷ್ಟನ್ನು ಪಕ್ಕಕ್ಕೆ ಇಟ್ಟುಬಿಡಿ.

ಜೂನ್ 21ರ ಯೋಗ ದಿನ ನಮ್ಮ ಮೂಡಿಗೆರೆ ಕಡೆ ಮಳೆಯಲ್ಲೇ ಬರುತ್ತದೆ. ಆ ವಾರ ಯಾರಾದರೊಬ್ಬರು ನನಗೆ ಹೇಳಿಯೇ ಹೇಳುತ್ತಾರೆ, "ಅಮ್ಮಾ, ದಿನಾ ಕಪಾಲಭಾತಿ ಮಾಡಿ, ದಮ್ಮೆಲ್ಲ ಹೋಗ್ತದೆ." ಅವರಿಗೆ ನನ್ನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನ ಇಲ್ಲ. ನನ್ನ ಶ್ವಾಸಕೋಶದ ಪರಿಚಯ ಮಾತ್ರ ಇಲ್ಲ.

ನಾನು ಬೀಡಿ, ಸಿಗರೇಟು ಮುಟ್ಟಿದವಳಲ್ಲ. ನನ್ನದು ಒಲೆಯ ಹೊಗೆಯ ಕಾಯಿಲೆ. ಅಡುಗೆ ಒಲೆ, ಬಚ್ಚಲ ಒಲೆ, ಮಳೆಗಾಲದಲ್ಲಿ ಹಸಿ ಸೌದೆ. ಗ್ಯಾಸ್ ಬಂದ ಮೇಲೂ ಹಂಡೆಗೆ ಉರಿ ಹಾಕೋದು ನಿಲ್ಲಲಿಲ್ಲ. ಮಲೆನಾಡಿನ ಹೆಂಗಸರಲ್ಲಿ ನನ್ನಂಥವರು ಕಮ್ಮಿ ಏನಿಲ್ಲ. "ವಯಸ್ಸಾಯ್ತು, ಏದುಸಿರು ಬರ್ತದೆ" ಅಂದುಕೊಂಡು ಸುಮ್ಮನಿರುತ್ತಾರೆ. ಸುಮ್ಮನಿರಬೇಡಿ. ಸ್ಪೈರೋಮೆಟ್ರಿ ಅಂತ ಊದಿಸುವ ಪರೀಕ್ಷೆ ಇದೆ. ಜೋರಾಗಿ ಊದಿದಾಗ ಒಟ್ಟು ಬಂದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಎಷ್ಟು ಬಂತು ಅಂತ ನೋಡುತ್ತಾರೆ. ಔಷಧಿ ಎಳೆದುಕೊಂಡ ಮೇಲೂ ಅದು 70 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಉಸಿರಿನ ಕೊಳವೆಗಳು ಕಟ್ಟಿಕೊಂಡಿವೆ ಅಂತ ಲೆಕ್ಕ. ಈ ಪರೀಕ್ಷೆ ಆಗಿ, ಡಾಕ್ಟರು ಕಾಯಿಲೆಗೆ ಹೆಸರು ಹೇಳಿದ ಮೇಲೆಯೇ ಯೋಗದ ಮಾತು. ಶ್ವಾಸಕೋಶ ಗಟ್ಟಿಯಾಗುವ ಇನ್ನೊಂದು ಬಗೆಯ ಕಾಯಿಲೆ ಇದೆ, ಐಎಲ್‌ಡಿ ಅನ್ನುತ್ತಾರೆ. ಅದರ ತೊಂದರೆಯೇ ಬೇರೆ. ನಾನು ಬರೆಯುತ್ತಿರುವುದು ಸಿಒಪಿಡಿಯವರಿಗೆ.

ನಮ್ಮ ಕಷ್ಟ ಗಾಳಿ ಒಳಗೆ ಎಳೆಯೋದರಲ್ಲಿದೆ ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಕಷ್ಟ ಇರುವುದು ಹೊರಗೆ ಬಿಡೋದರಲ್ಲಿ. ಕೊಳವೆಗಳು ಸಣ್ಣದಾಗಿವೆ, ಒಳಗಿನ ಗಾಳಿಚೀಲಗಳು ಜೋಲು ಬಿದ್ದಿವೆ. ಹಳೇ ಗಾಳಿ ಪೂರ್ತಿ ಖಾಲಿಯಾಗುವ ಮೊದಲೇ ಇನ್ನೊಂದು ಉಸಿರು ಎಳೆಯುತ್ತೇವೆ. ಎದೆ ಉಬ್ಬಿಕೊಂಡೇ ಉಳಿಯುತ್ತದೆ. ಎದೆಗೂ ಹೊಟ್ಟೆಗೂ ಮಧ್ಯೆ ಇರುವ ವಪೆ ಚಪ್ಪಟೆಯಾಗಿ, ಅದಕ್ಕೆ ಆಡಲು ಜಾಗವೇ ಇರುವುದಿಲ್ಲ. ಹೀಗಿರುವಾಗ ಯಾರಾದರೂ "ಜೋರಾಗಿ ಉಸಿರು ಎಳ್ಕೊಳ್ಳಿ" ಅಂದರೆ ತುಂಬಿದ ಚೀಲಕ್ಕೆ ಮತ್ತೆ ತುಂಬಿದಂತೆ. ಬೇಗ ಬೇಗ ಉಸಿರಾಡಿಸುವ ಪ್ರಾಣಾಯಾಮದಲ್ಲೂ ಇದೇ ಆಗುತ್ತದೆ. ಅದಕ್ಕೇ ಮೇಲಿನ ಪಟ್ಟಿ. ಕೆಲವರ ಶ್ವಾಸಕೋಶದಲ್ಲಿ ದೊಡ್ಡ ಗಾಳಿಗುಳ್ಳೆಗಳಿರುತ್ತವೆ. ಬಲ ಹಾಕಿ ಉಸಿರು ಕಟ್ಟಿದರೆ ಅವು ಒಡೆಯುವ ಭಯವೂ ಉಂಟು.

ಬಿಡುವ ಉಸಿರು

ಗೋಡೆಗೆ ಒರಗಿಸಿದ ಕುರ್ಚಿ ಬೇಕು. ನಮ್ಮ ಮನೆಯದು ರೆಡ್ ಆಕ್ಸೈಡ್ ನೆಲ, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಮರದ ಕುರ್ಚಿ, ಕೈ ಇದ್ದರೆ ಇನ್ನೂ ಒಳ್ಳೆಯದು. ಪಾದ ಎರಡೂ ನೆಲಕ್ಕೆ ಪೂರ್ತಿ ತಾಗಬೇಕು. ತಾಗದಿದ್ದರೆ ಕೆಳಗೆ ಒಂದು ಮಣೆ ಇಡಿ. ಭುಜ ಕೆಳಗೆ ಬಿಡಿ. ನಮಗೆಲ್ಲ ಭುಜ ಕಿವಿಯ ಹತ್ತಿರ ಏರಿಸಿಕೊಂಡು ಕೂರುವ ಅಭ್ಯಾಸ ಆಗಿಹೋಗಿರುತ್ತದೆ, ಗೊತ್ತೇ ಆಗುವುದಿಲ್ಲ.

ಬಾಯಿ ಮುಚ್ಚಿ ಮೂಗಿನಲ್ಲಿ ಮೆಲ್ಲಗೆ ಉಸಿರು ತಗೊಳ್ಳಿ. ಮನಸ್ಸಿನಲ್ಲಿ ಒಂದು, ಎರಡು. ಸಾಕು, ಎದೆ ತುಂಬಿಸಬೇಡಿ. ಆಮೇಲೆ ತುಟಿ ಕಿರಿದು ಮಾಡಿ ಬಿಡಿ. ಒಂದು, ಎರಡು, ಮೂರು, ನಾಲ್ಕು. ಊದುಗೊಳವೆಯಲ್ಲಿ ಒಲೆ ಊದುವ ಹಾಗಲ್ಲ, ಅದು ಅಭ್ಯಾಸಬಲದಿಂದ ಬಂದುಬಿಡುತ್ತದೆ, ಹುಷಾರು. ಕೆನ್ನೆ ಉಬ್ಬಬಾರದು, ಹೊಟ್ಟೆ ಬಿಗಿಯಬಾರದು. ಮುಖದ ಮುಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಗಾಳಿ ಮೆಲ್ಲಗೆ, ಒಂದೇ ಸಮ ಬರಬೇಕು. ಫೂ ಅಂತ ಒಂದೇ ಸಲ ಬಂದು ನಿಂತರೆ ತುಟಿ ಜಾಸ್ತಿ ತೆರೆದಿದೆ ಅಂತ ಅರ್ಥ. ತುಟಿ ಕಿರಿದಾಗಿರುವುದರಿಂದ ಒಳಗೆ ಸ್ವಲ್ಪ ಒತ್ತಡ ಉಳಿದು, ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಹಳೇ ಗಾಳಿಗೆ ಹೊರಗೆ ಬರಲು ಸಮಯ ಸಿಗುತ್ತದೆ. ಅಷ್ಟೇ ಇದರ ಗುಟ್ಟು.

ನಾಲ್ಕು ಎಣಿಸಲು ಆಗದಿದ್ದರೆ ಮೂರು ಎಣಿಸಿ. ಲೆಕ್ಕ ಮುಖ್ಯ ಅಲ್ಲ, ಬಿಡುವುದು ಎಳೆಯುವುದಕ್ಕಿಂತ ಉದ್ದ ಇದ್ದರೆ ಆಯಿತು. ಐದಾರು ಸಲ ಮಾಡಿ, ಸಾಮಾನ್ಯವಾಗಿ ಉಸಿರಾಡಿ, ಮತ್ತೆ ಮಾಡಿ. ತಲೆ ಹಗುರಾದಂತೆ ಅನಿಸಿದರೆ ನಿಲ್ಲಿಸಿ. ಇದನ್ನು ಚೆನ್ನಾಗಿರುವಾಗಲೇ ರೂಢಿ ಮಾಡಿಕೊಳ್ಳಬೇಕು. ದಮ್ಮು ಹತ್ತಿದಾಗ ಕಲಿಯಲು ಆಗುವುದಿಲ್ಲ.

ಹೊಟ್ಟೆ ಉಸಿರಾಟ, ಅಂದರೆ ಹೊಟ್ಟೆಯ ಮೇಲೆ ಕೈ ಇಟ್ಟು ಮಾಡುವುದನ್ನು ಎಲ್ಲ ಕ್ಲಾಸಿನಲ್ಲೂ ಹೇಳಿಕೊಡುತ್ತಾರೆ. ಕಾಯಿಲೆ ಹಗುರವಾಗಿರುವವರಿಗೆ ಆಗಬಹುದು. ಎದೆ ಜಾಸ್ತಿ ಉಬ್ಬಿರುವವರಿಗೆ ಅದರಿಂದಲೇ ಸುಸ್ತು ಹೆಚ್ಚಾಗುತ್ತದೆ. ನನಗೆ ಅದು ಸರಿ ಹೋಗುವುದಿಲ್ಲ, ನಾನು ಮಾಡುವುದಿಲ್ಲ.

ಯಾವಾಗ ಮಾಡುವುದು

ಬ್ರಾಹ್ಮೀ ಮುಹೂರ್ತ ನಮಗಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜು ಮೂಗಿಗೆ ಹೋದರೆ ಸಾಕು, ಎದೆ ಬಿಗಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕಫವೂ ಕಟ್ಟಿರುತ್ತದೆ. ಬಿಸಿನೀರು ಕುಡಿದು, ಕೆಮ್ಮಿ ಕಫ ತೆಗೆದು, ಪಂಪ್ (ಔಷಧಿ ಎಳೆದುಕೊಳ್ಳುವ ಇನ್‌ಹೇಲರ್) ತಗೊಂಡು, ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಶುರು ಮಾಡಿದರೆ ಆಯಿತು. ನಡೆಯುವ, ವ್ಯಾಯಾಮ ಮಾಡುವ ಮೊದಲು ತಗೊಳ್ಳಿ ಅಂತ ಡಾಕ್ಟರು ಪಂಪ್ ಕೊಟ್ಟಿದ್ದರೆ ಹತ್ತು ಹದಿನೈದು ನಿಮಿಷ ಮುಂಚೆ ತಗೊಳ್ಳಿ. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ. ಊಟ ಆಗಿ ಎರಡು ಗಂಟೆ ಕಳೆದಿರಲಿ. ಕಡುಬು ತಿಂದು ಕೂತರೆ ಹೊಟ್ಟೆ ಮೇಲಕ್ಕೆ ಒತ್ತುತ್ತದೆ, ಉಸಿರಿಗೆ ಜಾಗ ಇರುವುದಿಲ್ಲ.

ಜಾಗದ ಬಗ್ಗೆ ಒಂದು ಮಾತು. ಧ್ಯಾನಕ್ಕೆ ಕೂರುವ ಮೊದಲು ಊದುಬತ್ತಿ ಹಚ್ಚೋದು, ಧೂಪ ಹಾಕೋದು ನಮ್ಮಲ್ಲಿ ರೂಢಿ. ಬಿಡಿ. ದೇವರಿಗೆ ಹೂವು ಸಾಕು. ಸೊಳ್ಳೆ ಬತ್ತಿಯೂ ಬೇಡ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆ ಇರುವ ಕೋಣೆ ಬೇಡ. ತೋಟಕ್ಕೆ ಔಷಧಿ ಹೊಡೆಯುವ ದಿನ, ಕಣದಲ್ಲಿ ಕಾಫಿ ಬಾಚಿ ಧೂಳೆಬ್ಬಿಸುವ ಹೊತ್ತು ಜಗುಲಿಯಲ್ಲಿ ಕೂರಬೇಡಿ. ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಂಡವರ ಹತ್ತಿರ ದೀಪವನ್ನೂ ಹಚ್ಚಬಾರದು, ಬೆಂಕಿ ಹತ್ತೀತು.

ಆಸನ ಅಂದರೆ ಇಷ್ಟೇ

ಎಲ್ಲಕ್ಕೂ ಒಂದೇ ನಿಯಮ. ಶ್ರಮ ಬೀಳುವ ಹೊತ್ತಿಗೆ ಉಸಿರು ಬಿಡಬೇಕು.

ಕುರ್ಚಿಯಲ್ಲಿ ಕೂತೇ ಭುಜ ಹಿಂದಕ್ಕೆ ಸುತ್ತಿಸಿ. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟು, ಉಸಿರು ತಗೊಳ್ಳುವಾಗ ಎದೆ ಸ್ವಲ್ಪ ಮುಂದಕ್ಕೆ, ಬಿಡುವಾಗ ಬೆನ್ನು ಗುಂಡಗೆ. ಮಾರ್ಜಾಲಾಸನವನ್ನೇ ಕುರ್ಚಿಗೆ ತಂದದ್ದು ಇದು. ಪಕ್ಕಕ್ಕೆ ಬಾಗುವಾಗ ಒಂದು ಕೈ ಕುರ್ಚಿ ಹಿಡಿದಿರಲಿ. ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಿಂದವರ ಮೂಳೆ ಸವೆದಿರುತ್ತದೆ. ಅಂಥವರು ಮುಂದಕ್ಕೆ ಜಾಸ್ತಿ ಬಗ್ಗಬೇಡಿ, ಸೊಂಟ ತಿರುಚಬೇಡಿ.

ಕೈ ಮೇಲೆತ್ತುವುದರಲ್ಲಿ ಒಂದು ವಿಷಯ ಇದೆ. ಹಗ್ಗಕ್ಕೆ ಬಟ್ಟೆ ಹರವುವಾಗ, ತಲೆ ಬಾಚುವಾಗ, ಅಟ್ಟದಿಂದ ಡಬ್ಬಿ ತೆಗೆಯುವಾಗ ನಡೆದದ್ದಕ್ಕಿಂತ ಬೇಗ ದಮ್ಮು ಬರುತ್ತದೆ ಅಲ್ವಾ? ಕುತ್ತಿಗೆ, ಭುಜದ ಸ್ನಾಯುಗಳು ನಮ್ಮಲ್ಲಿ ಉಸಿರಾಟಕ್ಕೆ ದುಡಿಯುತ್ತಿರುತ್ತವೆ. ಕೈ ಎತ್ತಿದ ಕೂಡಲೇ ಅವಕ್ಕೆ ಎರಡು ಕೆಲಸ. ಹಾಗಾಗಿ ತಾಡಾಸನದಂತೆ ಎರಡೂ ಕೈ ಒಟ್ಟಿಗೆ ಮೇಲೆತ್ತಬೇಡಿ. ಒಂದೇ ಕೈ, ಭುಜದ ಮಟ್ಟಕ್ಕೆ, ಉಸಿರು ಬಿಡುತ್ತಾ ಎತ್ತಿ. ಇಳಿಸಿ. ಇನ್ನೊಂದು ಕೈ. ಒಗ್ಗಿದ ಮೇಲೆ ಎತ್ತರ ಹೆಚ್ಚಿಸಿದರಾಯಿತು.

ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗ ಕುರ್ಚಿಯಿಂದ ಏಳುವುದು, ಕೂರುವುದು. ಇದಕ್ಕೆ ಸಂಸ್ಕೃತದ ಹೆಸರಿಲ್ಲ, ಅದಕ್ಕೇ ಯಾರೂ ಬೆಲೆ ಕೊಡುವುದಿಲ್ಲ. ಮೂಗಿನಲ್ಲಿ ಉಸಿರು ತಗೊಂಡು, ತುಟಿಯಲ್ಲಿ ಬಿಡುತ್ತಾ ಏಳಿ. ನಿಂತು ಒಂದೆರಡು ಉಸಿರಾಡಿ. ಮತ್ತೆ ಬಿಡುತ್ತಾ ಕೂರಿ. ಸುಟ್ಟು ಹೋದ ಶ್ವಾಸಕೋಶ ಯೋಗದಿಂದ ಹೊಸದಾಗುವುದಿಲ್ಲ. ಕಾಲಿನ ಸ್ನಾಯು ಗಟ್ಟಿಯಾಗುತ್ತದೆ. ಗಟ್ಟಿ ಕಾಲಿಗೆ ಅದೇ ಕೆಲಸಕ್ಕೆ ಕಡಿಮೆ ಗಾಳಿ ಸಾಕು. ದೆಹಲಿಯ ಏಮ್ಸ್ ಡಾಕ್ಟರುಗಳು ಸಿಒಪಿಡಿ ರೋಗಿಗಳಲ್ಲಿ ಒಂದು ಗುಂಪಿಗೆ 12 ವಾರ ಯೋಗ, ಇನ್ನೊಂದಕ್ಕೆ ಪಲ್ಮನರಿ ರಿಹ್ಯಾಬಿಲಿಟೇಶನ್ ಅನ್ನುವ ಆಸ್ಪತ್ರೆಯ ವ್ಯಾಯಾಮ ಕೊಟ್ಟು ಹೋಲಿಸಿದ್ದರು. ಏದುಸಿರು ಕಮ್ಮಿಯಾಗುವುದರಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಸಮ ಬಂತು. ಔಷಧಿ ಬಿಟ್ಟು ಯೋಗ ಮಾಡಿಸಿದ್ದಲ್ಲ, ಅದು ನೆನಪಿರಲಿ.

ನಡಿಗೆಯನ್ನೂ ಇದರಲ್ಲೇ ಸೇರಿಸಿ. ನಮ್ಮ ಮನೆಯಿಂದ ಬಸ್ಸಿನ ರಸ್ತೆಗೆ ಏರು. ಒಂದು ಹೆಜ್ಜೆಗೆ ಉಸಿರು ತಗೊಂಡು ಎರಡು ಹೆಜ್ಜೆಗೆ ಬಿಡುತ್ತಾ ಹತ್ತುತ್ತೇನೆ. ದಮ್ಮು ಕಟ್ಟಿದ ಮೇಲೆ ನಿಲ್ಲುವುದಲ್ಲ, ಕಟ್ಟುವ ಮೊದಲೇ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಲ್ಲುವುದು. ನಡೆಯುತ್ತಾ ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ. ಒಂದೊಂದೇ ಪದ ಬರುತ್ತಿದ್ದರೆ ನಿಲ್ಲಿ.

ಪಲ್ಸ್ ಆಕ್ಸಿಮೀಟರ್ ಕೊರೊನಾ ಕಾಲದಲ್ಲಿ ಕೊಂಡದ್ದು ಬಹಳ ಮನೆಯಲ್ಲಿದೆ. ಮಲೆನಾಡಿನ ಚಳಿಯಲ್ಲಿ ತಣ್ಣಗಿನ ಬೆರಳಿಗೆ ಹಾಕಿದರೆ ಸುಳ್ಳು ಹೇಳುತ್ತದೆ. ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಉಗುರು ಬಣ್ಣ ಇದ್ದರೆ ತೆಗೆದು, ಅಂಕಿ ಕುಣಿಯುವುದು ನಿಲ್ಲುವವರೆಗೆ ಕಾದು ಓದಿ. ಸಾಮಾನ್ಯವಾಗಿ 88ಕ್ಕಿಂತ ಕೆಳಗೆ ಇಳಿದರೆ ನಿಲ್ಲಿಸಿ ಕೂರಬೇಕು. ನಿಮಗೆ ಬೇರೆ ಅಂಕಿ ಡಾಕ್ಟರು ಹೇಳಿದ್ದರೆ ಅದೇ ಸರಿ. ಅಂಕಿ ಕಮ್ಮಿಯಾಯಿತು ಅಂತ ಮನೆಯ ಆಕ್ಸಿಜನ್ ಅನ್ನು ನೀವೇ ಜಾಸ್ತಿ ತಿರುಗಿಸಬೇಡಿ. ನಮ್ಮಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದು ಮಂಪರು ಬರುತ್ತದೆ.

ಧ್ಯಾನ: ಉಸಿರನ್ನು ನೋಡಬೇಡಿ

"ಉಸಿರಿನ ಮೇಲೆ ಗಮನ ಇಡಿ" ಅಂತ ಧ್ಯಾನ ಹೇಳಿಕೊಡುವವರೆಲ್ಲ ಶುರು ಮಾಡುತ್ತಾರೆ. ಉಸಿರು ಚೆನ್ನಾಗಿರುವವರಿಗೆ ಅದು ಸರಿ. ನಮಗೆ ಗಮನ ಅಲ್ಲಿಗೆ ಹೋದ ಕೂಡಲೇ "ಅಯ್ಯೋ, ಸಾಲ್ತಾ ಇಲ್ಲ" ಅನಿಸುತ್ತದೆ. ಹೆದರಿಕೆ ಬಂದರೆ ಉಸಿರು ಬೇಗ, ಉಸಿರು ಬೇಗ ಆದರೆ ಗಾಳಿ ಒಳಗೆ ಇನ್ನೂ ಸಿಕ್ಕಿಕೊಳ್ಳುತ್ತದೆ, ಆಗ ಹೆದರಿಕೆ ದುಪ್ಪಟ್ಟು. ಈ ಸುತ್ತಿನಿಂದ ಹೊರಬರಲು ಧ್ಯಾನ ಬೇಕೇ ಬೇಕು, ಆದರೆ ಮನಸ್ಸಿಗೆ ಬೇರೆ ಗೂಟ ಕೊಡಿ. ಪಾದ ನೆಲಕ್ಕೆ ತಾಗಿರುವ ತಂಪು. ಜಪಮಣಿ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು, ಆಷಾಢದಲ್ಲಿ ಅದಕ್ಕೇನೂ ಬರ ಇಲ್ಲ. ಕಣ್ಣು ಮುಚ್ಚಿದರೆ ಗಾಬರಿ ಆಗುವವರು ಅರ್ಧ ತೆರೆದೇ ಇರಿ. ಐದು ನಿಮಿಷ ಸಾಕು.

ಭ್ರಾಮರಿ ನಮಗೆ ಚೆನ್ನಾಗಿ ಹೊಂದುತ್ತದೆ. ಬಾಯಿ ಮುಚ್ಚಿ ಮೆಲ್ಲಗೆ "ಮ್" ಅನ್ನುತ್ತಿದ್ದರೆ ಬಿಡುವ ಉಸಿರು ತಾನಾಗೇ ಉದ್ದ ಆಗುತ್ತದೆ, ಎಣಿಸುವ ಗೋಜೇ ಇಲ್ಲ. ಕಿವಿ ಮುಚ್ಚಲು ಕೈ ಎತ್ತಬೇಡಿ, ತೊಡೆಯ ಮೇಲೇ ಇರಲಿ. ಸ್ವರ ಒಡೆಯುವವರೆಗೆ ಎಳೆಯಬೇಡಿ. ಮೂಗು ಹಿಡಿದು ಮಾಡುವ ನಾಡಿಶೋಧನ ದಮ್ಮಿನವರಿಗೆ ಹಿಂಸೆ, ಮೂಗು ಕಟ್ಟಿದ ದಿನವಂತೂ ಕೇಳಲೇಬೇಡಿ.

ಶವಾಸನಕ್ಕೆ ಚಾಪೆಯ ಮೇಲೆ ಅಂಗಾತ ಮಲಗಬೇಡಿ. ಬೆನ್ನಿಗೆ ದಿಂಬು ಒಟ್ಟಿ ಒರಗಿ, ಇಲ್ಲವೇ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ.

ದಮ್ಮು ಹತ್ತಿದಾಗ

ಕೂತು ಮುಂದಕ್ಕೆ ಬಾಗಿ, ಮೊಣಕೈ ಎರಡೂ ತೊಡೆಯ ಮೇಲೆ ಊರಿ. ಮೇಜಿದ್ದರೆ ದಿಂಬಿಟ್ಟು ಅದರ ಮೇಲೆ ತಲೆ. ತುಟಿ ಕಿರಿದು ಮಾಡಿ ಬಿಡಿ, ಬಿಡಿ, ಬಿಡಿ. ಎಳೆಯುವುದು ತಾನಾಗೇ ಆಗುತ್ತದೆ. ಮನೆಯವರು ಸುತ್ತ ನಿಂತು "ಏನಾಯ್ತು, ಏನಾಯ್ತು" ಅಂತ ಕೇಳಬಾರದು, ಉತ್ತರ ಕೊಡಲು ಉಸಿರಿರುವುದಿಲ್ಲ. ನನ್ನ ಸೊಸೆ ಪಕ್ಕದಲ್ಲಿ ಕೂತು ತಾನೂ ತುಟಿ ಕಿರಿದು ಮಾಡಿ ಬಿಡುತ್ತಾಳೆ, ನಾನು ಅವಳ ಜೊತೆ ಸೇರಿಕೊಳ್ಳುತ್ತೇನೆ.

ತುಟಿ, ಉಗುರು ನೀಲಿಯಾದರೆ, ಎದೆ ನೋವು ಬಂದರೆ, ಮಾತು ತೊದಲಿ ಮಂಪರಾದರೆ, ಪಂಪಿಗೆ ಬಗ್ಗದಿದ್ದರೆ 108ಕ್ಕೆ ಫೋನ್ ಮಾಡಿ. ಕಫ ಹಳದಿ, ಹಸಿರಿಗೆ ತಿರುಗಿದರೆ, ಜ್ವರ ಬಂದರೆ, ಕಾಲು ಊದಿದರೆ ಆಸನ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ತುಟಿ ಉಸಿರು ಮಾತ್ರ ಮುಂದುವರಿಯಲಿ. ನ್ಯುಮೋನಿಯಾ ಲಸಿಕೆ, ವರ್ಷಕ್ಕೊಂದು ಫ್ಲೂ ಲಸಿಕೆ, ಇವುಗಳ ಬಗ್ಗೆಯೂ ಆಗಲೇ ಕೇಳಿಕೊಳ್ಳಿ.

ಊರಿನ ಯೋಗ ಕ್ಲಾಸಿಗೆ ಸೇರುವ ಆಸೆ ಇದ್ದರೆ ಸೇರಿ. ಜೊತೆಗೆ ನಾಲ್ಕು ಜನ ಇದ್ದರೆ ಬೇಸರ ಆಗುವುದಿಲ್ಲ. ಮೊದಲ ದಿನವೇ ಮೇಷ್ಟ್ರಿಗೆ ಕಾಯಿಲೆಯ ಹೆಸರು ಹೇಳಿ, ಕುರ್ಚಿ ಕೇಳಿ, ಬಾಗಿಲ ಹತ್ತಿರ ಜಾಗ ಹಿಡಿಯಿರಿ. ಅವರು ಕಪಾಲಭಾತಿ ಶುರು ಮಾಡಿದಾಗ ನೀವು ಸುಮ್ನೆ "ಮ್" ಅನ್ನುತ್ತಾ ಕೂತಿರಿ. "ಇದೊಂದು ಸಲ ಮಾಡಿ ನೋಡಿ" ಅಂತ ಒತ್ತಾಯ ಮಾಡುವ ಮೇಷ್ಟ್ರಾದರೆ ಚಾಪೆ ಸುತ್ತಿಕೊಂಡು ಬನ್ನಿ.